ಬದಾಮಿಯಲ್ಲಿ ಜಗಿದ ಎಲೆ

ನಾನು ಗುಡೂರಿನಿಂದ ಇಳಕಲ್ಲಿಗೆ ಸೊಸೆಯಾಗಿ ಬಂದಾಗ ನಮ್ಮ ಯಜಮಾನರಿಗೆ ಮಗ್ಗ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ. ಮುನಸಿಪಾಲ್ಟಿಯ ಹುಚ್ಚು ಹಿಡಿದದ್ದು ಆಮೇಲೆ. ಆಗ ಇಂಗ್ರೇಜಿಯವರ ರಾಜ್ಯ. ಆದರೂ ಊರಿನ ದೀಪ, ಗಟಾರ, ಸಾಲೆ, ಸಂತೆಗಳನ್ನು ಊರವರೇ ಆರಿಸಿದ ಸದಸ್ಯರು ನೋಡಿಕೊಳ್ಳಬಹುದು, ಅಧ್ಯಕ್ಷನನ್ನೂ ತಾವೇ ಆರಿಸಿಕೊಳ್ಳಬಹುದು ಎಂದು ಹೊಸದಾಗಿ ಆಗಿತ್ತು. ನಮ್ಮ ಓಣಿಯವರು ಅದನ್ನು ‘ಊರ ಸರಕಾರ’ ಎನ್ನುತ್ತಿದ್ದರು. ಮನೆಪಟ್ಟಿ ಕಟ್ಟುವ ಗಂಡಸರಿಗೆ ಓಟು ಹಾಕುವ ಹಕ್ಕು. ಅವರು ಹಾಕಿ ಬಂದ ಮೇಲೆ ಅವಲಕ್ಕಿ ಹಚ್ಚಿಕೊಡುವ ಹಕ್ಕು ನಮ್ಮದು.

ಊರಲ್ಲಿ ಇದ್ದದ್ದು ಎರಡು ಪಾರ್ಟಿ. ನೇಕಾರರದು ಮಗ್ಗದ ಪಾರ್ಟಿ, ಅಂಗಡಿಕಾರರದು ಪೇಟೆ ಪಾರ್ಟಿ. ಆ ಸಲದ ಚುನಾವಣೆಯಲ್ಲಿ ಎರಡಕ್ಕೂ ಬಹುಮತ ಬರಲಿಲ್ಲ. ಸರಕಾರ ನೇಮಿಸಿದ ಸದಸ್ಯರು ಯಾರ ಕಡೆಗೂ ವಾಲದೆ ಗೋಡೆಯ ಗಡಿಯಾರದಂತೆ ಕುಳಿತುಬಿಟ್ಟರು. ಹೀಗಾಗಿ ಇಬ್ಬರೂ ಕೂಡಿ ಕಾರಭಾರ ಮಾಡಬೇಕು ಎಂದು ಮಾತುಕತೆ ಶುರುವಾಯಿತು. ಮಗ್ಗದ ಪಾರ್ಟಿಗೆ ಒಬ್ಬ ಹಿರಿಯರಿದ್ದರು. ನಮ್ಮವರಿಗೆ ಲಾಳಿ ಹಿಡಿಯಲು ಕಲಿಸಿದವರೂ ಅವರೇ, ಚುನಾವಣೆಗೆ ನಿಲ್ಲಿಸಿ ಸದಸ್ಯರನ್ನಾಗಿ ಮಾಡಿದವರೂ ಅವರೇ. ಓಣಿಗೆಲ್ಲ ಅವರು ‘ದೊಡ್ಡವರು’. ಒಳ್ಳೆಯ ಮನುಷ್ಯ, ಸುಳ್ಳು ಹೇಳುವುದಿಲ್ಲ. ಆದರೆ ಬಿಳಿ ರುಮಾಲು ಸುತ್ತಿ ಅಧ್ಯಕ್ಷರ ಕುರ್ಚಿಯಲ್ಲಿ ಒಂದು ದಿನವಾದರೂ ಕೂತು ಸಾಯಬೇಕು ಎಂಬ ಆಸೆ ಅವರನ್ನು ಒಳಗೇ ತಿನ್ನುತ್ತಿತ್ತು.

ನಮ್ಮ ಮನೆಗೆ ಗೋಡೆ ಹಚ್ಚಿಕೊಂಡು ನೀಲಿ ಹಾಕುವವರ ಮನೆ. ಆತ ಚಾಚಾ, ಆಕೆ ಚಾಚಿ. ಆರು ದೊಡ್ಡ ಮಣ್ಣಿನ ಹರವಿಗಳು ಅವರ ಹಿತ್ತಲಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದವು. ಅವುಗಳ ತುಂಬ ನೀಲಿಯ ನೀರು. ಚಾಚಾನ ಅಜ್ಜ ಹುಳಿ ಹಾಕಿದ ನೀರು ಅದು. ಚೆಲ್ಲಿ ಹೊಸದು ಮಾಡಿದ್ದೇ ಇಲ್ಲ, ದಿನಾ ಸುಣ್ಣ, ಬೆಲ್ಲ, ಬೇಯಿಸಿದ ತಗಚಿ ಬೀಜ ಉಣಿಸಿ ಉಣಿಸಿ ಜೀವಂತ ಇಟ್ಟಿದ್ದರು. ಇಳಕಲ್ ಸೀರೆಯ ಕಪ್ಪಿಗೆ ಸಮೀಪದ ಆ ನೀಲಿ ಬರುತ್ತಿದ್ದುದು ಅಲ್ಲಿಂದಲೇ. ಅಂಗೈ, ಉಗುರೆಲ್ಲ ಸದಾ ನೀಲಿಯಾಗಿದ್ದ ಚಾಚಿ ಹರವಿಗೆ ಕಿವಿ ಹಚ್ಚಿ ಕೇಳುತ್ತಿದ್ದಳು. “ಇಂವ ಇವತ್ತ ಉಂಡಿಲ್ಲ ನೋಡ, ಹೊಟ್ಟಿ ಗುರುಗುರು ಅನ್ನವಲ್ದು” ಎಂದು ನನಗೆ ಹೇಳುತ್ತಿದ್ದಳು. ತಾಯಿಯಿಲ್ಲದೆ ಬೆಳೆದ ನಾನು ಅತ್ತೆಗೆ ಹೆದರಿ ಆ ಹಿತ್ತಲಲ್ಲೇ ಅರ್ಧ ದಿನ ಕಳೆಯುತ್ತಿದ್ದೆ. ಅಲ್ಲಿ ಒಂದೇ ಕಟ್ಟಳೆ: ಹರವಿಯ ಮುಂದೆ ಜಗಳವಾಡಬಾರದು. ಆಡಿದರೆ ಬಣ್ಣ ಕೆಡುತ್ತದಂತೆ. ನನಗೂ ನಮ್ಮವರಿಗೂ ಮಾತು ಏರಿದರೆ ಚಾಚಿ ಗೋಡೆಯಾಚೆಯಿಂದ ಕೂಗುತ್ತಿದ್ದಳು, “ಏ, ನಿಮ್ಮ ಸಲುವಾಗಿ ನನ್ನ ನೀಲಿ ಬೆಳ್ಳಗಾಗೂದದ. ಬಾಯಿ ಮುಚ್ರಿ!”

ಮಾತುಕತೆ ಹುನಗುಂದದ ಒಬ್ಬ ವಕೀಲರ ಮನೆಯಲ್ಲಿ ನಡೆಯಿತು. ಮೊದಲು ಎರಡು ಸಲ ಕೂತು ಎದ್ದರು. ಮೂರನೆಯ ಸಲ ದೊಡ್ಡವರು ನಗುತ್ತ ಬಂದರು. ನಮ್ಮ ಕಟ್ಟೆಯ ಮೇಲೆ ಪಾರ್ಟಿಯವರೆಲ್ಲ ಸೇರಿದರು. ಚಾಚಾ ಸದಸ್ಯನಲ್ಲ, ಆದರೂ ಪಾರ್ಟಿಗಾಗಿ ಮನೆಮನೆ ತಿರುಗಿದವನು, ಆತನೂ ಬಂದು ಕೂತ. ನಾನು ಬಾಗಿಲ ಹಿಂದೆ ನೂಲು ಸುತ್ತುತ್ತಿದ್ದೆ. ಸುತ್ತುವುದು ನೆವ.

“ಅರ್ಧ ಅವಧಿ ಅಧ್ಯಕ್ಷರು ಅವರು, ಅರ್ಧ ಅವಧಿ ನಾವು,” ಎಂದರು ದೊಡ್ಡವರು. “ಮದಲ ಅವರದು. ಆದರ ಅವರದೊಂದು ಮಾತು ಅದ. ನೀಲಿ ಹರವಿ ಊರಾಗ ಇರಬಾರದು. ಪೇಟಿ ಗಟಾರದಾಗ ನೀಲಿ ನೀರ ಹರೀತದ, ನಾರತದ ಅಂತಾರ. ಹಳ್ಳದಾಚೆ ಜಾಗಾ ಕೊಡ್ತಾರ.”

ಚಾಚಾ ಮೆಲ್ಲಗೆ ಹೇಳಿದ, “ಹರವಿ ನೆಲದಾಗ ಹೂತಾವ್ರಿ. ಕಿತ್ತರ ಒಡೀತಾವ. ಒಡೀದಿದ್ರೂ ಒಳಗಿಂದು ಸಾಯ್ತದ.”

“ಹೊಸಾವು ಇಟ್ಟರಾತು.”

“ಮುದುಕಿ ತಾಯಿನ್ನ ಹಳ್ಳದಾಚೆ ಒಗದು, ಸತ್ತರ ಹೊಸಾಕಿನ್ನ ತರತೀರೇನ್ರಿ ನೀವು?”

ಸದಸ್ಯರಲ್ಲಿ ಒಬ್ಬರು ದಪ್ಪ ಗಾಜಿನ ಚಾಳೀಸು ಹಾಕುವವರಿದ್ದರು. ಪಾರ್ಟಿಯ ನಾಲಿಗೆ ಅವರದೇ. “ಪೇಟ್ಯಾವ್ರ ಮೂಗು ಅಷ್ಟ ನಾಜೂಕ ಇದ್ದರ ಮೂಗನ್ನ ಹಳ್ಳದಾಚೆ ಇಟ್ಟು ಬರಲಿ!” ಎಂದರು. ಎಲ್ಲರೂ ನಕ್ಕರು. ದೊಡ್ಡವರು ನಗಲಿಲ್ಲ.

“ನಗ್ರಿ, ನಗ್ರಿ. ನನ್ನ ಅರ್ಧ ಬರಲಿ, ಅದ ದಿನಾ ಹರವಿ ಹೊಳ್ಳಿ ಊರಾಗ ತರತೇನಿ. ಒಂದೂವರಿ ವರ್ಷ ತಡಕೊಳ್ಳಾಕ ಆಗಂಗಿಲ್ಲೇನು? ಮತ್ತ ಕೇಳ್ರಿ, ನಮ್ಮ ಪಾರ್ಟಿ ಪೂರಾ ಬಂದು ಕೈ ಎತ್ತಬೇಕು. ಒಂದ ಕೈ ಕೆಳಗ ಉಳದ್ರೂ ತಮಗ ನಂಬಿಕಿ ಇಲ್ಲ ಅಂದಾರ ಅವರು.”

“ಹಂಗಾರ ನನ್ನ ಕೈ ಕೆಳಗ ಉಳೀತದ,” ಎಂದರು ನಮ್ಮವರು. ಚಾಳೀಸಿನವರು ತೊಡೆ ತಟ್ಟಿ, “ನಂದೂ!” ಎಂದರು. ದೊಡ್ಡವರು ರುಮಾಲು ಸರಿಮಾಡಿಕೊಂಡು ಎದ್ದು ಹೋದರು. ಬೈದಿದ್ದರೆ ನಮ್ಮವರಿಗೆ ಅಷ್ಟು ನೋವಾಗುತ್ತಿರಲಿಲ್ಲ. ಆ ಸಂಜೆ ಚಾಚಿ ನಮ್ಮ ಮನೆಗೆ ಒಂದು ತಟ್ಟೆ ಶಿರಾ ಕಳಿಸಿದಳು. ಅವರು ಅದನ್ನು ಮುಟ್ಟದೆ, “ಇದು ಕೈ ಕೆಳಗಿಟ್ಟ ಮ್ಯಾಲ ತಿನ್ನೂದು,” ಎಂದು ಪಕ್ಕಕ್ಕಿಟ್ಟರು. ನಾನು ತಿಂದೆ. ಶಿರಾಕ್ಕೇನು ರಾಜಕೀಯ ಗೊತ್ತು?

ವಾರವೊಂದು ಕಳೆಯುವುದರೊಳಗೆ ದೊಡ್ಡವರಿಗೆ ಇದ್ದಕ್ಕಿದ್ದಂತೆ ಬನಶಂಕರಿಯ ಹರಕೆ ನೆನಪಾಯಿತು. ಪಾರ್ಟಿಯ ಸದಸ್ಯರೆಲ್ಲ ಹೆಂಡಿರ ಸಮೇತ ಬದಾಮಿಗೆ ಹೊರಡಬೇಕೆಂದರು. ಪೇಟೆಯವರು ಯಾರನ್ನೂ ಒಡೆಯದಿರಲಿ, ಒಡೆಯುತ್ತಿರುವವರನ್ನು ತಾವೇ ಕೂಡಿಸಬೇಕು ಎಂದು ಈ ಯಾತ್ರೆ. ದೇವಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಎತ್ತಿನ ಚಕ್ಕಡಿಗಳು ಗುಡೂರಿನ ಮೇಲೆ ಹಾದುಹೋದವು. ನನ್ನ ತವರುಮನೆಯ ಬಾಗಿಲು ಕಂಡಿತು, ಅಪ್ಪ ಕಂಡ. “ಒಂದು ಚಣ ಇಳೀತೇನ್ರಿ” ಎಂದೆ. “ಬರುಮುಂದ ಇಳಿಯಂತಿ, ತಂಗಿ,” ಎಂದರು ದೊಡ್ಡವರು. ಹೆಂಡತಿ ಇಳಿದರೆ ಹಿಂದೆಯೇ ಸದಸ್ಯನೂ ಇಳಿದಾನು ಎಂಬ ಭಯ ಅವರಿಗೆ. ನಾನು ಚಕ್ಕಡಿಯಿಂದಲೇ ಅಪ್ಪನಿಗೆ ಕೈ ಬೀಸಿ, “ಊರ ಸರಕಾರ ಹೊಂಟದ, ನಮಸ್ಕಾರ ಮಾಡಪಾ!” ಎಂದು ಕೂಗಿದೆ. ದೇವಿಯ ದರ್ಶನಕ್ಕೆಂದು ಜೊತೆಗೆ ಬಂದಿದ್ದ ನಮ್ಮತ್ತೆ ತೊಡೆ ಚಿವುಟಿದರು.

ದೇವಿಯ ದರ್ಶನವಾಯಿತು. ಮರುದಿನ ಬದಾಮಿಯ ಕೆರೆಯ ಮೆಟ್ಟಿಲ ಮೇಲೆ ಊಟ. ಸಜ್ಜಿ ರೊಟ್ಟಿ, ಎಣಗಾಯಿ, ಮಾದಲಿ. ಸುತ್ತ ಕೆಂಪು ಬಂಡೆಗಳ ಮೇಲೆ ಮಂಗಗಳು ತಮ್ಮ ಸಭೆ ಕೂಡಿಸಿ ನಮ್ಮ ಎಲೆಗಳನ್ನೇ ನೋಡುತ್ತಿದ್ದವು. ಊಟ ಮುಗಿದ ಮೇಲೆ ದೊಡ್ಡವರು ಎದ್ದು ನಿಂತು ಎಲೆ ಅಡಿಕೆಯ ತಟ್ಟೆ ತೆಗೆದುಕೊಂಡರು. ಹೆಂಗಸರೆಲ್ಲ ಆ ಕಡೆ ತಿರುಗಿ ಕೂತೆವು.

ನೇಕಾರರ ಓಣಿಯಲ್ಲಿ ಮಾತು ಕಟ್ಟುತ್ತಿದ್ದುದು ಎಲೆಯಿಂದಲೇ. ಹಿರಿಯರು ಮಾತು ಹೇಳಿ ಎಲೆ ಚಾಚಿದರೆ ಹಿಡಿಯದೆ ಕೂರುವಂತಿಲ್ಲ. ಅದು ಮನೆಗೆ ಮನೆ ಮುರಿದಂತೆ. ಹಿಡಿದು ಸೊಂಟಕ್ಕೆ ಸಿಕ್ಕಿಸಿಕೊಂಡರೆ ‘ವಿಚಾರ ಮಾಡತೇನಿ’ ಎಂದು. ಬಾಯಿಗೆ ಹಾಕಿ ಜಗಿದರೆ ಒಪ್ಪಿದಂತೆ. ಜಗಿದ ಮೇಲೆ ಮಾತು ತಪ್ಪಿದವನಿಗೆ ಓಣಿಯಲ್ಲಿ ಮುಂದೆ ಯಾರೂ ಎಲೆ ಕೊಡುವುದಿಲ್ಲ. ಮದುವೆಗೆ ಕರೆಯುತ್ತಾರೆ, ಉಣ್ಣಲಿಕ್ಕೆ ಹಾಕುತ್ತಾರೆ, ಎಲೆಯ ತಟ್ಟೆ ಮಾತ್ರ ಅವನನ್ನು ದಾಟಿ ಹೋಗುತ್ತದೆ.

“ಅರ್ಧ ಅವರದು, ಅರ್ಧ ನಮ್ಮದು. ಹರವಿ ಹಳ್ಳದಾಚೆ. ಹಿಡೀರಿ,” ಎಂದರು ದೊಡ್ಡವರು. ಒಬ್ಬೊಬ್ಬರೇ ಹಿಡಿದು ಜಗಿದರು. ಚಾಳೀಸಿನವರು ಹಿಡಿದು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಮ್ಮವರೂ ಎರಡು ಕೈ ಚಾಚಿ ಹಿಡಿದು, ಸೊಂಟಕ್ಕೇ ಸಿಕ್ಕಿಸಿಕೊಂಡರು. ನನ್ನ ಉಸಿರು ಕೆಳಗಿಳಿಯಿತು. ಊರಿಗೆ ಹೋಗಿ ನಾಳೆ ಅದನ್ನು ದೇವರ ಮುಂದಿಟ್ಟರೆ ಆಯಿತು, ಯಾರ ಮನಸ್ಸೂ ಮುರಿಯುವುದಿಲ್ಲ.

ಆಗ ಒಂದು ದೊಡ್ಡ ಗಂಡು ಮಂಗ ಹಿಂದಿನಿಂದ ಇಳಿದು ಬಂತು. ಬದಾಮಿಯ ಮಂಗಗಳಿಗೆ ಸೊಂಟದಲ್ಲಿ ಸಿಕ್ಕಿಸಿದ್ದೆಲ್ಲ ತಮ್ಮದೇ. ಅದು ನಮ್ಮವರ ಧೋತರದ ಗಂಟಿಗೇ ಕೈ ಹಾಕಿತು. ಎಲೆ ಹೊರಬಂತು. ಹಿರಿಯರು ಕೊಟ್ಟ ಎಲೆ, ಎಲ್ಲರ ಎದುರಿಗೆ ಮಂಗನ ಪಾಲಾಗುವುದೇ? ಅವರು ಹಾರಿ ಅದನ್ನು ಕಸಿದುಕೊಂಡರು. ಮಂಗ ಮತ್ತೆ ಹಲ್ಲು ಕಿರಿದು ಕೈಗೇ ಬಂತು. ಕೈಯಲ್ಲಿಟ್ಟರೆ ಉಳಿಯುವುದಿಲ್ಲ, ಸೊಂಟದಲ್ಲಿಟ್ಟರೆ ಉಳಿಯುವುದಿಲ್ಲ. ಅವರು ಎಲೆಯನ್ನು ಬಾಯಿಗೆ ಒಗೆದುಕೊಂಡು ದವಡೆ ಮುಚ್ಚಿದರು.

“ಜಗದಾ!” ಎಂದು ಯಾರೋ ಕೂಗಿದರು.

ನಮ್ಮವರು ದವಡೆ ಆಡಿಸದೆ, ಗಲ್ಲ ಉಬ್ಬಿಸಿಕೊಂಡು, ಕಣ್ಣು ಅಗಲ ಮಾಡಿ ನಿಂತರು. ದೊಡ್ಡವರು ಬಂದು ಬೆನ್ನ ಮೇಲೆ ಕೈ ಇಟ್ಟರು. “ತಮ್ಮಾ, ನನಗ ಗೊತ್ತಿತ್ತೋ, ನೀ ನನ್ನ ಮಾತ ಮೀರಾಂವಲ್ಲ.” ಅವರ ಕಣ್ಣಲ್ಲಿ ನೀರಿತ್ತು. ನಾಟಕದ ನೀರಲ್ಲ. ಆ ನೀರು ನೋಡಿಯೇ ನಮ್ಮವರ ದವಡೆ ಆಡಿತು ಎಂದು ನಾನು ಇಂದಿಗೂ ಅಂದುಕೊಂಡಿದ್ದೇನೆ. ಮಂಗನ ಕಾಟಕ್ಕೆ ಬಾಯಿಗೆ ಹೋದ ಎಲೆಯನ್ನು ಉಗುಳಬಹುದಿತ್ತು. ಅವರು ಉಗುಳಲಿಲ್ಲ.

ಬರುವಾಗ ಗುಡೂರಿನಲ್ಲಿ ಚಕ್ಕಡಿ ನಿಲ್ಲಿಸಿದರು. ನಾನೇ ಇಳಿಯಲಿಲ್ಲ.

ಸುದ್ದಿ ನಮಗಿಂತ ಮೊದಲೇ ಇಳಕಲ್ಲು ಮುಟ್ಟಿತ್ತು. ಚಾಚಾ ತನ್ನ ಹೊಸ್ತಿಲಲ್ಲಿ ಕೂತಿದ್ದ. ನಮ್ಮವರು ತಲೆ ತಗ್ಗಿಸಿ ಒಳಗೆ ನುಗ್ಗಬೇಕೆಂದಿದ್ದರು. ಆತ ಬಿಡಲಿಲ್ಲ. “ಬಾರೋ ಬಾರೋ. ಮಂಗ್ಯಾ ನನ್ನ ಪಾರ್ಟಿದಾಗಿತ್ತಲ್ಲೋ ಹುಚ್ಚಾ! ಅದು ನನ್ನ ಸಲುವಾಗಿ ಬಡದಾಡಾಕತ್ತಿತ್ತು. ನೀ ಅದರ ಕೈಯಾಗ ಕೊಡಬೇಕಾಗಿತ್ತು!” ಎಂದು ನಕ್ಕ. ನಮ್ಮವರೂ ನಗಲು ಹೋದರು, ಆಗಲಿಲ್ಲ. ಚಾಚಾನ ನಗುವೂ ಅರ್ಧಕ್ಕೆ ನಿಂತಿತು. “ಹರವಿಗಿ ಏನ ಹೇಳಲಿ ನಾ?” ಎಂದ. ನಮ್ಮವರು ಮತ್ತೆ ತಲೆ ತಗ್ಗಿಸಿ ಒಳಗೆ ಹೋದರು.

ಚಾಚಿ ಆ ದಿನದಿಂದ ನನ್ನನ್ನು ಹಿತ್ತಲಿಗೆ ಕರೆಯಲಿಲ್ಲ. ನಾನೇ ಹೋದರೆ ತಗಚಿ ಬೀಜ ಕೈಗೆ ಕೊಟ್ಟು, “ಹೋಗವ್ವಾ, ನಿಮ್ಮ ಮನ್ಯಾಗ ಕುದಿಸಿ ತಾ,” ಎನ್ನುತ್ತಿದ್ದಳು. ಮೊದಲು ಅಲ್ಲೇ ಕುದಿಸುತ್ತಿದ್ದೆವು.

ಅಧ್ಯಕ್ಷರನ್ನು ಆರಿಸುವ ಸಭೆ ಹತ್ತಿರ ಬಂತು. ನಮ್ಮವರು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತರೆ ಕೂತೇ ಬಿಡುವರು, ಲಾಳಿ ಓಡುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಎದುರಿಗೆ ಹೋಗಿ ಕೂತೆ.

“ಕೈ ಎತ್ತತೀರೇನು?”

“ಜಗದೇನಲ್ಲ.”

“ಮಂಗ್ಯಾ ಜಗಸ್ತು.”

“ಮಂಗ್ಯಾ ಬಾಯಾಗ ಹಾಕಿಸ್ತು. ಜಗದಾಂವ ನಾನ.” ಲಾಳಿಯನ್ನು ಕೆಳಗಿಟ್ಟು ಹೇಳಿದರು, “ದೊಡ್ಡವರು ನನಗ ವಿದ್ಯಾ ಕೊಟ್ಟಾರ. ಚಾಚಾ, ಚಾಚಿ ಗೋಡಿಗಿ ಗೋಡಿ ಹಚ್ಚಿ ಬಾಳ್ಯಾರ. ನಾ ಯಾರಿಗೆ ಇಲ್ಲ ಅನ್ನಲಿ, ನೀನ ಹೇಳು.”

“ಅವರ ಆಸೆ ಕುರ್ಚಿ. ಇವರದು ಹೊಟ್ಟಿ,” ಎಂದೆ. ಗಂಡನಿಗೆ ಬುದ್ಧಿ ಹೇಳುವ ವಯಸ್ಸಲ್ಲ ನನ್ನದು. ಆದರೂ ಹೇಳಿ, ಹೊಡೆದಾರು ಎಂದು ಹಿಂದೆ ಸರಿದೆ. ಅವರು ಹೊಡೆಯಲಿಲ್ಲ. ಎದ್ದು ಅಂಗಿ ಹಾಕಿಕೊಂಡು, ಪೇಟೆಗೆ ಹೋಗಿ ಎಳೆಯ ಎಲೆಯ ಒಂದು ಕಟ್ಟು, ಇಡೀ ಅಡಿಕೆ ತಂದರು. ಅದನ್ನು ತಟ್ಟೆಯಲ್ಲಿಟ್ಟು ಹಾಡಹಗಲಲ್ಲಿ, ಓಣಿಯ ಎಲ್ಲ ಬಾಗಿಲುಗಳ ಮುಂದಿನಿಂದ ದೊಡ್ಡವರ ಮನೆಗೆ ನಡೆದರು. ನಾನು ಸೆರಗು ಹೊದ್ದು ಹಿಂದೆ ಹಿಂದೆ ಹೋದೆ. ಇಂಥದ್ದನ್ನು ನೋಡದೆ ಬಿಡಲು ನನಗೆ ಹುಚ್ಚು ಹಿಡಿದಿರಲಿಲ್ಲ.

ದೊಡ್ಡವರು ಮಗ್ಗಕ್ಕೆ ನೂಲಿನ ಹಾಸು ಹಾಕುತ್ತಿದ್ದರು. ನಮ್ಮವರು ತಟ್ಟೆಯನ್ನು ಅವರ ಪಾದದ ಹತ್ತಿರ ಇಟ್ಟು, “ಜಗದ ಎಲಿ ಹೊಳ್ಳಿ ಕೊಡಾಕ ಬರಂಗಿಲ್ಲ, ಹೊಸಾದು ತಂದೇನ್ರಿ. ನನ್ನ ಕೈ ಏಳಂಗಿಲ್ಲ,” ಎಂದರು.

ದೊಡ್ಡವರು ತಟ್ಟೆ ನೋಡಿದರು. “ನಮ್ಮ ಓಣ್ಯಾಗ ಇಂಥಾ ಕೆಲಸ ಯಾರೂ ಮಾಡಿಲ್ಲ,” ಎಂದರು.

“ಹೌದ್ರಿ.”

“ನಿನ್ನ ಮಕ್ಕಳ ಲಗ್ನದಾಗ ಎಲಿ ಹಂಚಾವ್ರು ಯಾರೋ?”

“ಮಕ್ಕಳು ಮದಲ ಆಗಲಿ,” ಎಂದು ನಾನು ಹಿಂದಿನಿಂದ ಅಂದುಬಿಟ್ಟೆ. ದೊಡ್ಡವರ ಮನೆಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ದೊಡ್ಡವರು ಮಾತ್ರ ಮುಖ ತಿರುಗಿಸಿ, ಮತ್ತೆ ಹಾಸಿನ ಎಳೆಗಳನ್ನು ಬಿಡಿಸತೊಡಗಿದರು.

ಚಾಳೀಸಿನವರು ಇದ್ದಾರಲ್ಲ ಎಂಬ ಧೈರ್ಯವೊಂದಿತ್ತು. ಸಭೆಯ ಹಿಂದಿನ ವಾರ ಅವರು ಬಾಗಲಕೋಟೆಗೆ ಹೋಗಿ, ಅಲ್ಲಿಯ ಅರಳೆ ಅಡತಿಯ ಅಂಗಡಿಯಲ್ಲಿ ಪೇಟೆಯ ಮುಖಂಡರ ಜೊತೆ ಕೂತು ಬಂದರು. ಬಂದಾಗ ಸಾಲೆಗಳ ಉಸ್ತುವಾರಿ ಅವರದಾಗಿತ್ತು. ನಮ್ಮ ಕಟ್ಟೆಯ ಮುಂದೆ ಹಾದುಹೋಗುವಾಗ ಚಾಳೀಸು ತೆಗೆದು ಒರೆಸಿಕೊಳ್ಳುತ್ತ ಹೋದರು. ಕಾಣದಿದ್ದರೆ ನಮಸ್ಕಾರ ಮಾಡುವ ಕೆಲಸವಿಲ್ಲವಲ್ಲ.

ಸಭೆಯಲ್ಲಿ ಎಲ್ಲರ ಕೈ ಎದ್ದವಂತೆ, ನಮ್ಮವರದು ತೊಡೆಯ ಮೇಲೇ ಉಳಿಯಿತಂತೆ. ಪೇಟೆಯವರ ಮುಖಂಡರು ಅಧ್ಯಕ್ಷರಾದರು. ಕುರ್ಚಿಯಲ್ಲಿ ಕೂತವರೇ ಮೊದಲು ಹರವಿಗಳ ಹುಕುಂ ಓದಿಸಿದರು. ಆಮೇಲೆ ದೊಡ್ಡವರ ಕಡೆ ತಿರುಗಿ, “ನಿಮ್ಮ ಪಾರ್ಟಿ ಪೂರಾ ಬರಲಿಲ್ಲ. ಅರ್ಧ ಅವಧಿಯ ಮಾತು ಮುಂದ ನೋಡೂಣು,” ಎಂದರಂತೆ. ಅದನ್ನು ಮುಂದೆ ಯಾರೂ ನೋಡಲಿಲ್ಲ. ದೊಡ್ಡವರಿಗೆ ಕುರ್ಚಿ ಸಿಗಲಿಲ್ಲ, ಚಾಚಾನ ಹರವಿ ಉಳಿಯಲಿಲ್ಲ. ಓಣಿಯವರಿಗೆ ಎರಡಕ್ಕೂ ಒಂದೇ ಕಾರಣ ಕಂಡಿತು: ಕೆಳಗೆ ಉಳಿದ ಆ ಒಂದು ಕೈ. ಮುಂದಿನ ವಾರ ಒಬ್ಬ ಬಸುರಿಯ ಕುಬುಸದ ಕಾರ್ಯದಲ್ಲಿ ಎಲೆಯ ತಟ್ಟೆ ನಮ್ಮವರ ಮುಂದೆ ಬಂದು, ನಿಂತು, ದಾಟಿ ಹೋಯಿತು. ಅವರು ಚಾಚಿದ ಕೈಯನ್ನು ಮೀಸೆಗೆ ಒಯ್ದರು.

ಹುಕುಂ ಬಂದ ಮೇಲೆ ಚಾಚಾ ಹರವಿ ಕೀಳಲು ಯಾರನ್ನೂ ಕರೆಯಲಿಲ್ಲ. ತಾನೇ ಅಗೆದ. ಎರಡು ಒಡೆದವು. ಉಳಿದವು ಬಿರುಕು ಬಿಟ್ಟವು. ಒಳಗಿನ ನೀರನ್ನು ಗಾಳಿ ತಾಗದಂತೆ ಕೊಡಗಳಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಹಳ್ಳ ದಾಟಿಸಬೇಕಿತ್ತು. ಅಜ್ಜನ ನೀರನ್ನು ಹೊಸ ಹರವಿಗೆ ಬೀಜದಂತೆ ಹಾಕಿದರೆ ಹತ್ತಿದರೂ ಹತ್ತೀತು. ಓಣಿಯ ಹೆಂಗಸರು ಹೊರಬಂದೆವು. ಗಂಡಸರ ಪಾರ್ಟಿ ಏನಾದರೂ ಆಗಲಿ, ಕೊಡ ನಮ್ಮದು. ದೊಡ್ಡವರ ಮನೆಯ ಸೊಸೆಯೂ ಬಂದಳು. ದಾರಿಯಲ್ಲಿ ಆಕೆ, “ನಮ್ಮ ಮಾವ ಊಟ ಬಿಟ್ಟಾರ,” ಎಂದಳು. “ನಮ್ಮನ್ಯಾಗೂ ಯಾರೂ ಜಾಮೂನು ತಿನ್ನಾಕತ್ತಿಲ್ಲ,” ಎಂದೆ. ಇಬ್ಬರೂ ಸೊಂಟದ ಕೊಡ ಕುಲುಕದಂತೆ ಮೆಲ್ಲಗೆ ನಕ್ಕೆವು. ನಮ್ಮವರು ಎಲ್ಲರಿಗಿಂತ ಹಿಂದೆ, ಎರಡು ಕೊಡ ಕಾವಡಿಗೆ ಕಟ್ಟಿಕೊಂಡು ಬಂದರು. ಚಾಚಾ ಅವರನ್ನು ನೋಡಿ ದಾರಿ ಬಿಟ್ಟುಕೊಟ್ಟ.

ಹಳ್ಳದಾಚೆ ಬರೀ ಬಂಡೆ. ಹರವಿ ಅರ್ಧಕ್ಕಿಂತ ಆಳ ಇಳಿಯಲಿಲ್ಲ. ಚಾಚಾ, ಚಾಚಿ ಅವುಗಳ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡರು. ರಾತ್ರಿಯ ಥಂಡಿ, ಹಗಲಿನ ಬಿಸಿಲು ಎರಡೂ ನೇರ ತಾಗುತ್ತಿದ್ದವು. ಚಾಚಿ ಗೋಣಿ ಹೊದಿಸಿದಳು, ಸೆಗಣಿ ಬಳಿದಳು, ಬೆಲ್ಲ ಹೆಚ್ಚು ಹಾಕಿದಳು. ಕೆಲವು ದಿನಗಳ ಮೇಲೆ ಒಂದು ಹಿಡಿ ನೂಲು ಅದ್ದಿ ನೋಡಿದಳು. ಜೀವವಿದ್ದ ಹರವಿಯಿಂದ ನೂಲು ಎಳೆಹಸಿರಾಗಿ ಮೇಲೆ ಬರುತ್ತದೆ, ಗಾಳಿಯಲ್ಲಿ ಹಿಡಿದರೆ ಕಣ್ಣೆದುರಿಗೇ ನೀಲಿಯಾಗುತ್ತದೆ. ಇದು ಬೂದಿ ಬಣ್ಣದ್ದಾಗಿ ಬಂತು. ನಾವೆಲ್ಲ ಗಾಳಿಯಲ್ಲಿ ನೋಡುತ್ತ ನಿಂತೆವು. ಬೂದಿಯಾಗಿಯೇ ಉಳಿಯಿತು. ಚಾಚಿ ಅದನ್ನು ಹಿಂಡಿ, ಜಾಡಿಸಿ, ಹಗ್ಗಕ್ಕೆ ಹಾಕಿದಳು. ಮತ್ತೆ ಅದ್ದಿದಳು. ಮತ್ತೆ ಬೂದಿ.

ಮಳೆಗಾಲ ಶುರುವಾಗುವ ಹೊತ್ತಿಗೆ ಚಾಚಾ ಬಾಗಲಕೋಟೆಯ ರೈಲಿನಲ್ಲಿ ಬರುವ ಡಬ್ಬಿಯ ನೀಲಿ ತರಿಸಿದ. ಬಿಸಿನೀರಿಗೆ ಹಾಕಿ ಕಲಕಿದರೆ ಮುಗಿಯಿತು. ಉಣಿಸುವುದಿಲ್ಲ, ಕಿವಿ ಹಚ್ಚಿ ಕೇಳುವುದಿಲ್ಲ. ನಮ್ಮವರು ಆತನ ಹತ್ತಿರವೇ ನೂಲು ಹಾಕಿಸುತ್ತಿದ್ದರು. ಇಬ್ಬರೂ ನೂಲಿನ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಚಾಚಿ ಡಬ್ಬಿಯನ್ನು ಮುಟ್ಟಲಿಲ್ಲ.

ಒಂದು ದಿನ ನಾನು ಹಳ್ಳ ದಾಟಿ ಹೋದೆ. ಕಾಲೆಲ್ಲ ಕೆಸರು. ಚಾಚಿ ತಂಬಿಗೆ ಹಿಡಿದು ನನ್ನ ಕಾಲಿಗೆ ನೀರು ಹಾಕತೊಡಗಿದಳು. ಆಕೆಯ ಬೆರಳು ನನ್ನ ಕಣ್ಣಿಗೆ ಬಿದ್ದವು. ಉಗುರಿನ ಬುಡದಿಂದ ಕೆಂಪು, ಬೆಳ್ಳಗಿನ ಹೊಸ ಉಗುರು ಮೇಲೇರಿ ಬಂದಿತ್ತು. ನೀಲಿ ತುದಿಗೆ ಸರಿದು ಒಂದು ಗೆರೆಯಷ್ಟು ಉಳಿದಿತ್ತು. ಅಂಗೈ ನಮ್ಮೆಲ್ಲರ ಅಂಗೈಯಂತೆ ಆಗಿತ್ತು. ನಾನು ನೋಡಿದ್ದನ್ನು ಆಕೆ ನೋಡಿದಳು.

“ಏನ ನೋಡ್ತಿ?” ಎಂದಳು. “ಇವು ನನ್ನ ಲಗ್ನದ ಮದಲಿನ ಕೈ. ನನಗೂ ಗುರ್ತ ಹತ್ತವಲ್ವು.”

ಆಕೆ ತಂಬಿಗೆ ಕೆಳಗಿಟ್ಟು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಒಳಗೆ ಹೋದಳು. ಮೂಲೆಯ ಹರವಿಯ ಮೇಲಿನ ಗೋಣಿ ಜಾರಿತ್ತು. ಅದರಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ನಾನು ಅದನ್ನು ಎಳೆದು ಸರಿಯಾಗಿ ಹೊದಿಸಿದೆ.